ಗುಂಡಿ ಮೇಡಂ ಮತ್ತು ಬಾವಿ ಮೇಷ್ಟ್ರು

ವಿಶ್ವವಿದ್ಯಾಲಯದಲ್ಲಿ ಅವಳನ್ನು ಎಲ್ಲರೂ ಗುಂಡಿ ಮೇಡಂ ಅಂತಲೇ ಕರೆಯುತ್ತಿದ್ದರು. ಸಂಶೋಧನಾ ವಿದ್ಯಾರ್ಥಿಗಳ ಥೀಸಿಸ್ ವ್ಯವಹಾರವನ್ನೆಲ್ಲ ಕಾಗದದಿಂದ ಕಂಪ್ಯೂಟರಿಗೆ ತಂದವಳು ಅವಳು. ಯಾರು ಯಾವ ತೊಂದರೆ ಹೊತ್ತು ಬಂದರೂ ಅವಳದು ಒಂದೇ ಉತ್ತರ: ಬಲಗಡೆ ಒಂದು ಗುಂಡಿ ಇದೆ, ಒತ್ತಿ. ಅವಳು ತೋಡಿದ ಗುಂಡಿಗೆ ಬಿದ್ದವರು ಮೇಲೆ ಬರುವುದಿಲ್ಲ ಎಂದು ವಯಸ್ಸಾದ ಪ್ರೊಫೆಸರುಗಳು ಬೆನ್ನ ಹಿಂದೆ ನಗುತ್ತಿದ್ದರು. ಆ ಮಾತು ಅವಳ ಕಿವಿಗೂ ಬಿದ್ದಿತ್ತು. ಚೆನ್ನಾಗಿದೆ ಎಂದು ಅವಳೂ ನಕ್ಕುಬಿಟ್ಟಿದ್ದಳು.

ಕೆಲಸ ಮಾತ್ರ ಸರಾಗವಾಗಿ ನಡೆಯುತ್ತಿತ್ತು. ವಿದ್ಯಾರ್ಥಿ ತನ್ನ ಅಧ್ಯಾಯವನ್ನು ಸಿಸ್ಟಮ್ಮಿಗೆ ಹಾಕಬೇಕು, ಗೈಡ್ ಓದಿ ‘ಸರಿ ಇದೆ’ ಅಥವಾ ‘ತಿದ್ದಿ ತನ್ನಿ’ ಒತ್ತಬೇಕು, ಅಷ್ಟೇ. ಯಾರದೋ ಕಾರಿನ ಹಿಂದಿನ ಸೀಟಿನಲ್ಲಿ ವರ್ಷಗಟ್ಟಲೆ ಧೂಳು ತಿನ್ನುತ್ತಿದ್ದ ಕರಡುಗಳ ಕಾಲ ಮುಗಿದಿತ್ತು. ಅದನ್ನು ನೋಡಿಯೇ ಸಮುದ್ರದಾಚೆಯ ಇನ್ನೊಂದು ವಿಶ್ವವಿದ್ಯಾಲಯ ಇವರ ಜೊತೆ ಕೈಜೋಡಿಸಿತು. ಒಬ್ಬ ವಿದ್ಯಾರ್ಥಿಗೆ ಇಲ್ಲೊಬ್ಬರು, ಅಲ್ಲೊಬ್ಬರು ಗೈಡ್. ಎರಡೂ ಕಡೆಗೆ ಒಂದೇ ಸಿಸ್ಟಂ.

ವರ್ಷ ಕಳೆಯುವಷ್ಟರಲ್ಲಿ ಒಂದು ವಿಚಿತ್ರ ಅವಳ ಕಣ್ಣಿಗೆ ಬಿತ್ತು. ಆ ಕಡೆಯವರು ‘ತಿದ್ದಿ ತನ್ನಿ’ ಗುಂಡಿಯನ್ನು ಒಂದು ಸಲವೂ ಒತ್ತಿರಲಿಲ್ಲ. ಸರಿ ಇದ್ದರೆ ಸರಿ ಅನ್ನುತ್ತಿದ್ದರು, ಇಲ್ಲದಿದ್ದರೆ ಸದ್ದಿಲ್ಲ. ಸೋಮಾರಿಗಳು, ಬಿಸಿ ಮುಟ್ಟಿಸಿದರೆ ಸರಿಹೋಗುತ್ತಾರೆ ಎಂದರು ಅವಳ ನಿರ್ದೇಶಕರು. ಅವಳಿಗೆ ನಂಬಿಕೆ ಬರಲಿಲ್ಲ. ಸೋಮಾರಿಗಳು ಒಬ್ಬೊಬ್ಬರು ಒಂದೊಂದು ಥರ ಇರುತ್ತಾರೆ. ಒಂದು ಇಡೀ ವಿಶ್ವವಿದ್ಯಾಲಯ ಒಂದೇ ಥರ ಸೋಮಾರಿಯಾಗುವುದು ಹೇಗೆ?

ಅಷ್ಟರಲ್ಲಿ ಒಬ್ಬ ಹುಡುಗಿ ಅವಳ ಕೋಣೆಗೆ ಬಂದಳು. ಆ ಕಡೆಯ ಕರಾವಳಿಯ ಬಾವಿಗಳ ನೀರು ಏಕೆ ಉಪ್ಪಾಗುತ್ತಿದೆ ಎಂಬುದು ಅವಳ ಸಂಶೋಧನೆ. ಅಲ್ಲಿ ಒಂದು ಮಳೆಗಾಲ ಕಳೆದು, ಅಳತೆ ಮುಗಿಸಿ, ವಾಪಸು ಬಂದು ಬರೆಯುತ್ತಿದ್ದಳು. ಇಲ್ಲಿಯ ಗೈಡ್ ಎಲ್ಲ ಅಧ್ಯಾಯಕ್ಕೂ ಒಪ್ಪಿಗೆ ಕೊಟ್ಟಾಗಿತ್ತು. ಅಲ್ಲಿಯವರು ಮೂರನೆಯ ಅಧ್ಯಾಯಕ್ಕೆ ಬಂದು ತುಟಿ ಹೊಲಿದುಕೊಂಡವರು ತಿಂಗಳುಗಳಾದರೂ ಬಿಚ್ಚಿರಲಿಲ್ಲ. ತಾನೇನು ತಪ್ಪು ಮಾಡಿದೆನೆಂದು ಗೊತ್ತಾದರೂ ಸಾಕಿತ್ತು ಎಂದು ಹೇಳಿ, ಉತ್ತರಕ್ಕೂ ಕಾಯದೆ ಎದ್ದು ಹೋದಳು.

ಗುಂಡಿ ಮೇಡಂ ಬಿಸಿ ಮುಟ್ಟಿಸುವ ಬದಲು ಟಿಕೆಟ್ ಮಾಡಿಸಿದಳು. ಆ ದೇಶ ಅವಳ ತಾಯಿಯ ತವರು. ಅಲ್ಲಿಯ ಭಾಷೆ ಅವಳಿಗೆ ಅಮ್ಮನ ಬಾಯಿಂದಲೇ ಬಂದಿತ್ತು, ದೊಡ್ಡಮ್ಮನ ಮನೆಯೂ ಅಲ್ಲೇ ಇತ್ತು.

ದೊಡ್ಡಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದವಳು. ಬಂದ ಕಾರಣ ಕೇಳಿ, ಕತ್ತರಿ ನಿಲ್ಲಿಸದೆಯೇ ನಕ್ಕಳು.

“ಅಲ್ಲ ಕಣೇ, ಅವರು ಉತ್ತರ ಕೊಟ್ಟಾಗಿದೆಯಲ್ಲ. ಇಲ್ಲಿ ದೊಡ್ಡೋರು ಸುಮ್ಮನಾದ್ರು ಅಂದ್ರೆ ಬೇಡ ಅಂತ. ನಾನು ಹೊಲಿದ ರವಿಕೆ ನೋಡಿ ಗಿರಾಕಿ ಏನೂ ಅನ್ನಲಿಲ್ಲ ಅಂದ್ರೆ, ನಾನೇ ತಗೊಂಡು ಹೊಲಿಗೆ ಬಿಚ್ತೀನಿ.”

“ಬಾಯಿಬಿಟ್ಟು ಹೇಳಿದ್ರೆ ಏನಾಗುತ್ತೆ ದೊಡ್ಡಮ್ಮ?”

“ಇಬ್ಬರೇ ಇದ್ದಾಗ ಹೇಳ್ತಾರೆ. ನಾಲ್ಕು ಜನ ಓದೋ ಕಡೆ ಬರೆದು ಹಾಕ್ತಾರಾ ಯಾರಾದ್ರೂ?”

ಅವಳು ಯೋಚನೆಗೆ ಬಿದ್ದಳು. ಸಿಸ್ಟಮ್ಮಿನಲ್ಲಿ ‘ತಿದ್ದಿ ತನ್ನಿ’ ಒತ್ತಿದರೆ ಆ ಅಧ್ಯಾಯದ ಪಕ್ಕ ಒಂದು ಕೆಂಪು ಚುಕ್ಕೆ ಬೀಳುತ್ತಿತ್ತು. ವಿಭಾಗದ ಮುಖ್ಯಸ್ಥರು, ನಿರ್ದೇಶಕರು, ಕಚೇರಿಯವರು ಎಲ್ಲರಿಗೂ ಅದು ಕಾಣುತ್ತಿತ್ತು. ಪಾರದರ್ಶಕತೆ ಎಂದು ಅದನ್ನು ಹೊಗಳಿಕೊಂಡವಳು ಅವಳೇ.

ಮರುದಿನ ಆ ಗೈಡನ್ನು ಹುಡುಕಿಕೊಂಡು ಹೋದಳು. ಅಂತರ್ಜಲದ ಪ್ರೊಫೆಸರು; ಬಾವಿ ಮೇಷ್ಟ್ರು ಎಂದರೆ ಮಾತ್ರ ಅಲ್ಲಿಯವರಿಗೆ ಗೊತ್ತಾಗುತ್ತಿತ್ತು. ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ನೀರಿನ ಸೀಸೆಗಳು ಸಾಲಾಗಿ ನಿಂತಿದ್ದವು, ಒಂದೊಂದರ ಮೇಲೂ ಊರು, ತಾರೀಖು ಬರೆದ ಚೀಟಿ. ಅವರು ಒಬ್ಬ ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಅವನ ಅಧ್ಯಾಯವನ್ನು ಗಟ್ಟಿಯಾಗಿ ಓದುತ್ತಿದ್ದರು. ಒಂದು ಪ್ಯಾರಾದ ನಡುವೆ ಓದು ತಡವರಿಸಿತು. ಅವರು ಅದೇ ಸಾಲನ್ನು ಇನ್ನೊಂದು ಸಲ ಓದಿ ತಲೆ ಎತ್ತಿದರು. ವಿದ್ಯಾರ್ಥಿ ಪೆನ್ನು ತೆಗೆದು ತಾನೇ ಆ ಸಾಲನ್ನು ಹೊಡೆದುಹಾಕಿದ. ಕೆಟ್ಟ ಮಾತು ಒಂದೂ ಬರಲಿಲ್ಲ, ಆದರೆ ಪುಟ ತುಂಬ ಗೀಟುಗಳಾದವು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಅವಳು ಕಾಫಿ ಆರುವುದನ್ನೂ ಮರೆತು ನೋಡುತ್ತ ಕೂತಳು.

ವಿದ್ಯಾರ್ಥಿ ಹೋದ ಮೇಲೆ ಹುಡುಗಿಯ ವಿಷಯ ತೆಗೆದಳು. ಮೇಷ್ಟ್ರ ಮುಖ ಬಿಗಿಯಿತು.

“ಒಳ್ಳೆ ಹುಡುಗಿ ಅಂದ್ಕೊಂಡಿದ್ದೆ. ಇಲ್ಲಿದ್ದಾಗ ನಮ್ಮನೇಲಿ ಮಗಳ ಥರ ಓಡಾಡ್ಕೊಂಡಿದ್ಲು. ಊರಿಗೆ ಹೋದ್ಮೇಲೆ ಏನಾಯ್ತೋ. ವಾರಕ್ಕೊಂದು ಸಲ ನನಗೆ ಬೈದು ಬರೀತಾಳೆ.”

“ಬೈದು ಬರೀತಾಳಾ? ಏನಂತ ಸರ್?”

“ನೀನು ಇನ್ನೂ ಓದಿಲ್ಲ. ಕೂಡಲೇ ಓದಿ ಉತ್ತರ ಕೊಡು. ಹೀಗೆ. ನನ್ನ ಹೆಂಡತಿ ಕೂಡ ನನ್ನನ್ನ ಹಾಗೆ ಗದರಿಸಲ್ಲ.”

ಗುಂಡಿ ಮೇಡಂಗೆ ಆ ಸಾಲುಗಳ ಗುರುತು ಹತ್ತಿತು. ಅದು ಹುಡುಗಿ ಬರೆದದ್ದಲ್ಲ. ಉತ್ತರ ತಡವಾದರೆ ಸಿಸ್ಟಮ್ಮೇ ಕಳಿಸುವ ನೆನಪೋಲೆ. ಯಂತ್ರದ ಹೆಸರಿನಲ್ಲಿ ಹೋದರೆ ಒರಟಾಗಿ ಕಾಣುತ್ತದೆ, ವಿದ್ಯಾರ್ಥಿಯ ಹೆಸರಿನಲ್ಲಿ ಹೋದರೆ ಆತ್ಮೀಯವಾಗಿರುತ್ತದೆ ಎಂದು ಆ ಏರ್ಪಾಡು ಮಾಡಿದ್ದು ಅವಳು. ಅದನ್ನು ಆ ಕಡೆಯ ಭಾಷೆಗೆ ತಿರುಗಿಸಿದ್ದು ಕಂಪ್ಯೂಟರು. ಕಂಪ್ಯೂಟರಿಗೆ ನೀನು ಯಾವುದು, ನೀವು ಯಾವುದು ಎಂದು ಹೇಳಿಕೊಟ್ಟವರು ಯಾರೂ ಇರಲಿಲ್ಲ.

ಹೇಗೆ ಹೇಳುವುದೆಂದು ತಿಳಿಯದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹಾಗಾದರೆ ಆ ಮಗುವಿಗೆ ಇದ್ಯಾವುದೂ ಗೊತ್ತೇ ಇಲ್ಲವೇ ಎಂದು ಕೇಳಿದರು. ಗೊತ್ತಿಲ್ಲ ಎಂದಳು. ಅವರು ತಾವೇ ಫೋನ್ ಮುಂದಕ್ಕೆ ತಳ್ಳಿದರು.

ಗುಂಡಿ ಮೇಡಂ ನಂಬರು ಒತ್ತಿದಳು; ಹುಡುಗಿಯ ದನಿ ಹೆದರಿಕೊಂಡೇ ಬಂತು. ಮೇಷ್ಟ್ರು ಕ್ಷೇಮ ಕೇಳಿದರು, ತಮ್ಮ ಮನೆಯವರು ಕೇಳಿದ್ದಾರೆಂದು ಹೇಳಿದರು, ಆಮೇಲೆ ನಿಧಾನಕ್ಕೆ ಮೂರನೆಯ ಅಧ್ಯಾಯಕ್ಕೆ ಬಂದರು.

“ಆ ಬಾವಿಗಳ ನೀರು ಎಲ್ಲಿಂದ ತಗೊಂಡೆ ಮಗಾ, ಮೇಲಿಂದಲೋ, ತಳದಿಂದಲೋ?”

“ಕೊಡಪಾನ ಎಷ್ಟು ಮುಳುಗುತ್ತೋ ಅಷ್ಟರಿಂದ ಸರ್.” ಸ್ವಲ್ಪ ತಡೆದು, “ಮಳೆಗಾಲ ಬೇರೆ. ತಪ್ಪಾಯ್ತಾ ಸರ್?”

“ನೀನೇ ಹೇಳು.”

ಫೋನಿನಲ್ಲಿ ಹಾಳೆ ಮಗುಚುವ ಸದ್ದು ಕೇಳಿತು. ಬಳಿಕ ಹುಡುಗಿ, ಬೇಸಿಗೆಯಲ್ಲಿ ಇನ್ನೊಮ್ಮೆ ಬರಬಹುದೇ ಎಂದು ಕೇಳಿದಳು.

ಊರಿಗೆ ಮರಳಿದ ಗುಂಡಿ ಮೇಡಂ ಮೊದಲು ಆ ನೆನಪೋಲೆಯನ್ನು ನಿಲ್ಲಿಸಿದಳು. ಆಮೇಲೆ ‘ಕೂತು ಮಾತಾಡೋಣ’ ಎಂಬ ಹೊಸ ಗುಂಡಿಯೊಂದನ್ನು ಇಡಲು ಹೊರಟಳು. ಅದಕ್ಕೆ ಇಲ್ಲಿಯ ಪ್ರೊಫೆಸರುಗಳೇ ಅಡ್ಡಬಂದರು. ಬರೆದದ್ದಕ್ಕೆ ಬೆಲೆ ಇದೆ, ಬಾಯಿಮಾತಿಗೆ ಸಾಕ್ಷಿ ಯಾರು, ನಾಳೆ ವಿದ್ಯಾರ್ಥಿ ನೀವು ಹೇಳೇ ಇಲ್ಲ ಅಂದರೆ ಏನು ಮಾಡೋಣ ಎಂದರು. ಅವರ ಮಾತೂ ಸುಳ್ಳಲ್ಲ. ಹಿಂದೆ ಹಾಗೆ ಆದದ್ದೂ ಉಂಟು. ಸಭೆಯ ಮೇಲೆ ಸಭೆ ನಡೆಯಿತು. ಕೊನೆಗೆ, ಮಾತಾಡಿ ಮುಗಿದ ಮೇಲೆ ತನಗೆ ತಿಳಿದದ್ದನ್ನು ವಿದ್ಯಾರ್ಥಿಯೇ ಬರೆದು ಹಾಕಬೇಕು, ಗೈಡ್ ಓದಿ ಹೌದೆನ್ನಬೇಕು ಎಂದಾಯಿತು. ಕೆಂಪು ಚುಕ್ಕೆ ಮಾತ್ರ ಉಳಿದೇಬಿಟ್ಟಿತು. ಅದು ಬೇಕೇ ಬೇಕೆಂದು ನಿರ್ದೇಶಕರು ಪಟ್ಟು ಹಿಡಿದರು. ಆ ಕಡೆಯವರು ಇವತ್ತಿಗೂ ಅದರ ತಂಟೆಗೆ ಹೋಗುವುದಿಲ್ಲ. ಈ ಕಡೆಯ ಕೆಲವರು ‘ಕೂತು ಮಾತಾಡೋಣ’ ಒತ್ತಿ, ಕೂರುವುದೂ ಇಲ್ಲ, ಮಾತಾಡುವುದೂ ಇಲ್ಲ.

ಬೇಸಿಗೆಯಲ್ಲಿ ಹುಡುಗಿ ಮತ್ತೆ ಕರಾವಳಿಗೆ ಹೋದಳು. ಗುಂಡಿ ಮೇಡಂ ರಜೆ ಹಾಕಿ ದೊಡ್ಡಮ್ಮನ ಮನೆಗೆ ಬಂದವಳು, ಒಂದು ದಿನ ನಾನೂ ಬರಲೇ ಎಂದು ಕೇಳಿದಳು. ಥೀಸಿಸ್ಸುಗಳನ್ನು ಇಷ್ಟು ವರ್ಷ ಅತ್ತಿಂದಿತ್ತ ಕಳಿಸಿದ್ದಳೇ ಹೊರತು, ಅವು ಎಲ್ಲಿ ಹುಟ್ಟುತ್ತವೆ ಎಂದು ಒಮ್ಮೆಯೂ ಕಂಡಿರಲಿಲ್ಲ.

ಮರಳು ದಾರಿಯ ಕೊನೆಯ ಮನೆಯ ಹಿತ್ತಲಲ್ಲಿ ಬಾವಿ. ಹುಡುಗಿ ಮೊದಲು ಮೇಲಿನ ನೀರು ತೆಗೆದಳು; ಆಮೇಲೆ ಕೊಳವೆ ಇಳಿಬಿಟ್ಟು ತಳದ ನೀರನ್ನು ಸೀಸೆಗೆ ತುಂಬಿದಳು. ಮೇಷ್ಟ್ರೂ ಬಂದು ಬಾವಿಕಟ್ಟೆಗೆ ಒರಗಿ ನಿಂತಿದ್ದರು. ಹುಡುಗಿ ಎರಡೂ ಸೀಸೆಗಳನ್ನು ಗುಂಡಿ ಮೇಡಂ ಕಡೆ ಚಾಚಿ, ಒಂದೊಂದು ಹನಿ ನಾಲಿಗೆಗೆ ಹಚ್ಚಿ ನೋಡಲು ಹೇಳಿದಳು. ಮೊದಲನೆಯದು ಸಿಹಿ ನೀರು. ಎರಡನೆಯದು ಬಾಯಿಗೆ ಬೀಳುತ್ತಲೇ ಅವಳು ಮುಖ ಕಿವುಚಿದಳು. ಒಂದೇ ಬಾವಿಯಲ್ಲಿ ಅದು ಹೇಗೆ ಬೇರೆಬೇರೆಯಾಗಿ ನಿಲ್ಲುತ್ತದೆ ಎಂದು ಕೇಳಿದಳು.

ಹುಡುಗಿ ಮೇಷ್ಟ್ರ ಮುಖ ನೋಡಿದಳು. ಅವರು ಹೇಳು ಎಂಬಂತೆ ತಲೆಯಾಡಿಸಿದರು. ಅವಳು ಬಾವಿಕಟ್ಟೆಯ ಮೇಲೆ ಒದ್ದೆ ಬೆರಳಿನಿಂದ ಚಿತ್ರ ಬರೆಯುತ್ತ ಹೇಳತೊಡಗಿದಳು: ಭಾರದ ಉಪ್ಪುನೀರು ಕೆಳಗೆ, ಅದರ ಮೇಲೆ ತೇಲುವ ಮಳೆನೀರು. ಬಿಸಿಲಿಗೆ ಗೆರೆಗಳು ಆರಿಹೋಗುತ್ತಿದ್ದವು, ಅವಳು ಮತ್ತೆ ಬೆರಳು ಅದ್ದಿ ಬರೆಯುತ್ತಿದ್ದಳು. ಗುಂಡಿ ಮೇಡಂ ಬಗ್ಗಿ ನೋಡುತ್ತ, ಒಂದರ ಮೇಲೊಂದು ಪ್ರಶ್ನೆ ಕೇಳುತ್ತ ಹೋದಳು.