ಉಣ್ಣಲಿಕ್ಕೆ ಹಾಕದ ಸೊಸೆ

ನಮ್ಮ ಬನಹಟ್ಟಿಯ ಓಣಿಯಲ್ಲಿ ಯಾರಿಗೂ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಎರಡೂ ಕಡೆ ಮನೆಮನೆಯಲ್ಲಿ ಪವರ್‌ಲೂಮು ಖಟಖಟ ಅನ್ನುತ್ತಿರುತ್ತವೆ. ಅದರ ಮೇಲೆ ಕೇಳಿಸಬೇಕೆಂದು ಕೂಗಿ ಕೂಗಿ ಎಲ್ಲರ ಗಂಟಲೂ ದೊಡ್ಡದಾಗಿದೆ. ಅದರಲ್ಲೂ ನಮ್ಮತ್ತೆ ಮಾಯವ್ವನದು ನಲವತ್ತು ವರ್ಷ ಮಗ್ಗದ ಮುಂದೆ ಪಳಗಿದ ಗಂಟಲು. ದಿನಾ ಹೊಟ್ಟೆತುಂಬ ಉಂಡು, ಕೈ ತೊಳೆದು, ಕಟ್ಟೆಯ ಮೇಲೆ ಬಂದು ಕುಳಿತು, ಹೋಗಿಬರುವವರಿಗೆಲ್ಲ ಆಕೆ ಹೇಳುವುದು ಒಂದೇ ಮಾತು: "ನಮ್ಮ ಸೊಸಿ ನನಗ ಉಣ್ಣಾಕ ಹಾಕೂದಿಲ್ಲ."

ಆ ಸೊಸೆ ನಾನೇ, ಕಾಂಚನಾ.

ಎರಡು ವರ್ಷದ ಹಿಂದೆ ಜಮಖಂಡಿಯ ಡಾಕ್ಟರು ಪರೀಕ್ಷೆ ಮಾಡಿ ಆಲ್‌ಝೈಮರ್ ಎಂದು ಹೆಸರು ಹೇಳಿದರು. ಈಗಷ್ಟೇ ಆದದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಬಹಳ ಹಿಂದಿನದು ಇನ್ನೂ ಕೆಲವು ದಿನ ಇರುತ್ತದೆ, ಉಂಡದ್ದೇ ಮರೆತುಹೋದರೆ ಹಸಿದಂತೆಯೇ ಅನಿಸುತ್ತದೆ ಎಂದು ಬಿಡಿಸಿ ಹೇಳಿದರು. ಮನೆ ಬದಲಿಸಬೇಡಿ, ವಾದಕ್ಕೆ ಇಳಿಯಬೇಡಿ ಎಂದು ಎರಡೆರಡು ಸಲ ಹೇಳಿ ಕಳಿಸಿದರು. ಮನೆಯ ಮಾತು ಒಪ್ಪಿಕೊಂಡೆ. ವಾದ ಬಿಡುವುದು ಮಾತ್ರ ನನ್ನ ಕೈಲಾಗುವ ಕೆಲಸವಲ್ಲ. ತಪ್ಪಿಲ್ಲದೆ ಬೈಸಿಕೊಂಡು ಸುಮ್ಮನಿರಲು ನನ್ನನ್ನು ಯಾರೂ ಬೆಳೆಸಿಲ್ಲ.

"ಅತ್ತಿ, ಈಗ ಎರಡ ರೊಟ್ಟಿ ಉಂಡೀರಿ" ಎಂದರೆ, "ಸುಳ್ಳ ಹೇಳ್ತಿ" ಎನ್ನುತ್ತಾಳೆ. ನಾನು ಏನು ಮಾಡಿದೆ ಗೊತ್ತೇ? ಆಕೆ ಉಂಡ ಗಂಗಾಳವನ್ನು ತೊಳೆಯದೆ, ಅಂಟಿದ ಪಲ್ಲೆಯ ಸಮೇತ, ಓಣಿಗೆಲ್ಲ ಕಾಣಲಿ ಎಂದು ಕಟ್ಟೆಯ ಮೇಲೆ ಇಡತೊಡಗಿದೆ. ಎದುರುಮನೆಯ ತಂಗೆವ್ವ ಅದನ್ನು ನೋಡಿ, ಸೊಸೆ ತಾನು ಉಂಡ ಗಂಗಾಳ ಇಟ್ಟು ಮುದುಕಿಯನ್ನು ಅಣಕಿಸುತ್ತಾಳೆ ಎಂದು ನಾಲ್ಕು ಮನೆಗೆ ಹೇಳಿಬಂದಳು.

ಓಣಿಯವರದೂ ಪೂರಾ ತಪ್ಪಲ್ಲ. ಮಾಯವ್ವ ನಿರಿಗೆ ನೆಟ್ಟಗೆ ಹಿಡಿದು ಸೀರೆ ಉಡುತ್ತಾಳೆ, ತಂಗೆವ್ವನ ಮೊಮ್ಮಕ್ಕಳ ಹೆಸರು ಹಿಡಿದು ಕರೆಯುತ್ತಾಳೆ. ಇಷ್ಟು ಚಂದ ಮಾತಾಡುವವಳಿಗೆ ರೋಗ ಎಂದರೆ ಯಾರು ನಂಬುತ್ತಾರೆ? ಒಬ್ಬರು ರೊಟ್ಟಿ ಕೊಟ್ಟರು, ಒಬ್ಬರು ತುಪ್ಪ ಸುರಿದು ಬೆಲ್ಲದ ಮಾದೇಲಿ ಕೊಟ್ಟರು. ಆಕೆಗೆ ಶುಗರ್ ಇದೆ. ಹೋದ ತಿಂಗಳು ಈ ಕನಿಕರದ ದೆಸೆಯಿಂದ ಎರಡು ದಿನ ಆಸ್ಪತ್ರೆಯಲ್ಲಿ ಸಲಾಯಿನ್ ಏರಿಸಬೇಕಾಯಿತು. ಪುಣ್ಯ ಕಟ್ಟಿಕೊಂಡವರು ಅವರು, ಆಸ್ಪತ್ರೆಯಲ್ಲಿ ನೆಲದ ಮೇಲೆ ಮಲಗಿದವಳು ನಾನು.

ಇದೆಲ್ಲದರ ನಡುವೆ ಒಂದು ದಿನ ಆಕೆಯ ದಿಂಬಿನ ಕೆಳಗೆ ಇರುವೆ ಸಾಲು ಕಂಡು ಎತ್ತಿ ನೋಡಿದರೆ, ಅರಿವೆಯಲ್ಲಿ ಸುತ್ತಿದ ಒಣರೊಟ್ಟಿಯ ತುಂಡುಗಳು, ಎಂಟೋ ಹತ್ತೋ. ನನಗೆ ಮೈಯೆಲ್ಲ ಉರಿಯಿತು. ಹಸಿವೆ ಎಂದು ಬೇಡಿ ತಂದದ್ದನ್ನು ಮುಟ್ಟಿಯೂ ಇಲ್ಲ. ನನ್ನ ಹೆಸರು ಕೆಡಿಸಲಿಕ್ಕೇ ಇದೆಲ್ಲ ಎಂದು ಗಂಡ ಪರಮೇಶನ ಮುಂದೆ ಹಾರಾಡಿದೆ. ಅವನು ಮಗ್ಗದ ಸದ್ದಿನಲ್ಲಿ ಕೇಳಿಸಲಿಲ್ಲವೆಂಬಂತೆ ನಿಂತಿದ್ದ.

ಸುದ್ದಿ ಮುಧೋಳ ಮುಟ್ಟಿತು. ಮೊನ್ನೆ ಮಧ್ಯಾಹ್ನ ನಾದಿನಿ ರಾಜಶ್ರೀ ಕಾರು ಮಾಡಿಕೊಂಡು ಬಂದಳು. ಬಂದವಳೇ ನೀರು ಕೂಡ ಮುಟ್ಟದೆ, ಅವ್ವನ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದಳು. ಪರಮೇಶ ಮಗ್ಗ ನಿಲ್ಲಿಸಿದ.

"ವೈನಿ, ನಮ್ಮವ್ವಗ ಎರಡ ರೊಟ್ಟಿ ಹಾಕೂದು ನಿಮಗ ಭಾರ ಆಗಿದ್ರ ನಮಗ ಹೇಳಬೇಕಿತ್ತು" ಎಂದಳು.

ಹೋದ ವರ್ಷ ಮದುವೆಗೆಂದು ಮುಧೋಳಕ್ಕೆ ಕರೆದೊಯ್ದಾಗ ಮಾಯವ್ವ ನಸುಕಿನಲ್ಲೆದ್ದು ನಮ್ಮ ಮಗ್ಗ ಹುಡುಕುತ್ತ ಹೋಗಿದ್ದಳು. ಎರಡು ತಾಸಿನ ನಂತರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ಇಲ್ಲಿ ಕತ್ತಲಲ್ಲೂ ಗೋಡೆ ಹಿಡಿದು ಬಚ್ಚಲಿಗೆ ಹೋಗಿಬರುತ್ತಾಳೆ. ಅಲ್ಲಿಗೆ ಹೋದರೆ ಉಳಿದ ನೆನಪೂ ಹೋಗುತ್ತದೆ. ಇದನ್ನು ಹೇಳಿದೆ, ಡಾಕ್ಟರ ಮಾತೂ ಹೇಳಿದೆ. ರೋಗದ ಹೆಸರು ಹೇಳಿ ನಿಮ್ಮ ತಪ್ಪು ಮುಚ್ಚಿಕೊಳ್ಳಬೇಡಿ ಎಂದಳು ರಾಜಶ್ರೀ. ಹೊರಗೆ ಕಟ್ಟೆಯ ಮೇಲಿಂದ ಮಾಯವ್ವ ತನ್ನ ಮಾತನ್ನು ಮತ್ತೊಮ್ಮೆ ಕೂಗಿದಳು. ಮಗ್ಗ ನಿಂತಿತ್ತಲ್ಲ, ಓಣಿಗೆಲ್ಲ ಕೇಳಿಸಿತು.

ನಸುಕಿಗೆ ಎದ್ದು ಆಕೆಯ ಹಾಸಿಗೆ ಒಗೆದು, ಜಳಕ ಮಾಡಿಸಿ, ಉಣ್ಣಿಸಿ, ನಾನಿನ್ನೂ ಒಂದು ತುತ್ತು ಉಂಡಿರಲಿಲ್ಲ. ಹೊರಗೆ ಹೋಗಿ ಆಕೆಯ ಪಕ್ಕದಲ್ಲೇ ಕುಸಿದು ಕುಳಿತೆ. ಅಳಬಾರದೆಂದರೂ ಅಳು ಬಂತು.

ಮಾಯವ್ವ ನನ್ನನ್ನು ನೋಡಿದಳು. ಆಚೆ ಈಚೆ ನೋಡಿದಳು. ತಂಗೆವ್ವ ಕೊಟ್ಟಿದ್ದ ಅರ್ಧ ರೊಟ್ಟಿಯನ್ನು ಸೆರಗಿನಡಿಯಿಂದ ತೆಗೆದು ನನ್ನ ಉಡಿಗೆ ಹಾಕಿದಳು.

"ಲಗೂನ ತಿನ್ನವ್ವಾ. ನಮ್ಮತ್ತಿ ನೋಡ್ಯಾಳು."

ಆಕೆಯ ಅತ್ತೆ ಸತ್ತು ಹದಿನೆಂಟು ವರ್ಷ. ನಾನು ಈ ಮನೆಗೆ ಬಂದ ಹೊಸದರಲ್ಲಿ ಆ ಮುದುಕಿ ಬುಟ್ಟಿಯಲ್ಲಿನ ರೊಟ್ಟಿ ಎಣಿಸಿ ಇಡುತ್ತಿದ್ದಳು. ಮಗ್ಗದವರೆಲ್ಲ ಉಂಡೆದ್ದ ಮೇಲೆ ಉಳಿದದ್ದು ಸೊಸೆಯರಿಗೆ. ಆಗ ಮಾಯವ್ವ ತನ್ನ ಪಾಲಿನ ರೊಟ್ಟಿಯನ್ನು ಹೀಗೇ ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಮಗ್ಗದ ಮರೆಗೆ ಬಂದು ನನಗೆ ಕೊಡುತ್ತಿದ್ದಳು. ರೋಗ ಆಕೆಗೆ, ಮರೆತು ಕುಳಿತವಳು ನಾನು. ದಿಂಬಿನ ಕೆಳಗಿನ ತುಂಡುಗಳು ಯಾರಿಗೆಂದು ಆಗ ತಿಳಿಯಿತು. ಅವನ್ನು ನಾನು ಬೈದು ತಿಪ್ಪೆಗೆ ಚೆಲ್ಲಿದ್ದೆ.

ರಾಜಶ್ರೀ ಚೀಲ ಹಿಡಿದು ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. ಬಗ್ಗಿ ಅವ್ವನ ಕೈ ಹಿಡಿದು, "ನಡಿ ಬೇ ಯವ್ವಾ, ನಮ್ಮನಿಗಿ ಹೋಗೂನು" ಎಂದಳು.

ಮಾಯವ್ವ ಮೆಲ್ಲಗೆ ಕೈ ಬಿಡಿಸಿಕೊಂಡಳು. ಪರ ಊರಿನ ಮರ್ಯಾದಸ್ತರ ಜೊತೆ ಮಾತಾಡುವಂತೆ ಮಾತಾಡಿದಳು. "ನಾ ಬರಾಕ ಆಗಂಗಿಲ್ಲರಿ. ಈ ಹುಡುಗಿ ಹೊಸದಾಗಿ ಗಂಡನ ಮನಿಗಿ ನಡ್ಯಾಕ ಬಂದೈತಿ. ನಾ ಹೋದ್ರ ಇದಕ್ಕ ಉಣ್ಣಾಕ ಯಾರ ಹಾಕ್ತಾರ್ರಿ?"

ಹೆತ್ತವ್ವನ ಬಾಯಲ್ಲಿ ಆ 'ರಿ' ಕೇಳಿ ರಾಜಶ್ರೀ ಚೀಲ ಕೆಳಗಿಟ್ಟಳು. ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತಳು. ಆಕೆಯ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೆ ಮುಗಿಯಿತು.

ಎದುರು ಕಟ್ಟೆಯಿಂದ ತಂಗೆವ್ವ, ಮುದುಕಿಯನ್ನು ಕಳಿಸುತ್ತೀರೋ ಹೇಗೆ ಎಂದು ಕೇಳಿದಳು. ಮಾಯವ್ವ ಎದ್ದು ನಿಂತು, ಸೊಸೆ ಉಣ್ಣಲಿಕ್ಕೆ ಹಾಕುವುದಿಲ್ಲ ಎಂದು ಮತ್ತೆ ಶುರು ಮಾಡಿದಳು. ಎರಡು ವರ್ಷ ಈ ಮಾತಿಗೆ ಸಾಕ್ಷಿ, ಪುರಾವೆ, ಎಂಜಲು ಗಂಗಾಳ ಎಲ್ಲ ತೋರಿಸಿದ್ದೆ. ಇನ್ನು ನನ್ನ ಹೆಸರು ಏನಾದರೂ ಆಗಲಿ ಅನಿಸಿತು. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು, ಮಗ್ಗದ ಮೇಲೆ ಕೂಗುವ ದನಿಯಲ್ಲೇ ಹೇಳಿದೆ.

"ಹೌದ್ರಿ ತಂಗೆವ್ವಾರ, ಖರೆ ಐತಿ. ಆ ಸೊಸಿ ಭಾಳ ಕೆಟ್ಟಾಕಿ. ಉಣ್ಣಾಕನೂ ಹಾಕೂದಿಲ್ಲ, ಅತ್ತಿನ್ನ ಯಾರಿಗೂ ಕೊಡೂದೂ ಇಲ್ಲ."

ಮಾಯವ್ವ ನನ್ನ ತಲೆ ಸವರಿ, ಇನ್ನರ್ಧ ರೊಟ್ಟಿಗಾಗಿ ಸೆರಗು ತಡಕಾಡಿದಳು.