ಮಾಸ್ತಿಕಲ್ಲಿನ ಕೈ

ಫೋಟೋ ಸೋಮಪ್ಪನ ಬಾಯಿ ಹೆಚ್ಚು ಓಡುತ್ತಿತ್ತೋ, ಅವನು ಮಂದಿಯನ್ನು ಹತ್ತಿಸುತ್ತಿದ್ದ ಲಾರಿ ಹೆಚ್ಚು ಓಡುತ್ತಿತ್ತೋ, ಆ ಶಿವನೇ ಬಲ್ಲ! ದಾಂಡೇಲಿಯಲ್ಲಿ ಕಾಗದದ ಮಿಲ್ಲು ಶುರುವಾಗಿ ನಾಲ್ಕೈದು ವರ್ಷವಾಗಿತ್ತು. ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಚಾಳಿನ ಸಾಲುಮನೆಗಳಲ್ಲಿ ಬಿಡಾರ ಹೂಡಿದ್ದ ಮಂದಿಗೆ ಸುತ್ತಲಿನ ಸೀಮೆಯ ಗುರುತೇ ಇರಲಿಲ್ಲ. ಅಂಥವರನ್ನು ರವಿವಾರ, ಬಿದಿರು ಇಳಿಸಿ ಖಾಲಿ ಹೊರಟ ಲಾರಿಯಲ್ಲಿ ಕೂರಿಸಿಕೊಂಡು ಹೋಗಿ, ಹಾಳು ಗುಡಿ, ಹಳೆಯ ವೀರಗಲ್ಲು ತೋರಿಸಿ, ಅವುಗಳ ಕಥೆ ಹೇಳಿ, ಅಲ್ಲೇ ನಿಲ್ಲಿಸಿ ಫೋಟೋ ತೆಗೆಯುವುದು ಸೋಮಪ್ಪನ ಕಸುಬು. "ಮನಷ್ಯಾ ಸುಳ್ಳು ಹೇಳ್ಯಾನು, ನನ್ನ ಡಬ್ಬಿ ಹೇಳೂದಿಲ್ಲ" ಎಂದು ಕ್ಯಾಮೆರಾ ತಟ್ಟಿ ಹೇಳುವುದು ಅವನ ಮಂತ್ರ.

ಆ ರವಿವಾರ ಲಾರಿ ಸಾಂಬ್ರಾಣಿ ಊರಿನ ಕಡೆಗೆ ಹೊರಟಿತ್ತು. ಮೂಲೆಯಲ್ಲಿ ರೊಟ್ಟಿಗಂಟು ತೊಡೆಯ ಮೇಲಿಟ್ಟುಕೊಂಡು ಮಾಲವ್ವ ಕುಳಿತಿದ್ದಳು. ಇನ್ನೂ ಹರೆಯದವಳು. ಜೋಡಿ ಫೋಟೋ ತೆಗೆಸೋಣ ಎನ್ನುತ್ತಲೇ ಇದ್ದ ಗಂಡ ಜ್ವರ ಬಂದು ತೀರಿಕೊಂಡಿದ್ದ. ಮಾವ ಮಿಲ್ಲಿಗೆ ಹೋದರೆ ಮನೆಯಲ್ಲಿ ಅತ್ತೆ ಕೆಂಚವ್ವನದೇ ಕಾರುಬಾರು. ಅವಳು ಹೊರಡುವಾಗಲೇ ತಾಕೀತು ಮಾಡಿದ್ದಳು: "ನೀ ಗಂಟು ಕಾಯಾಕ ಬರಾಕತ್ತೀ, ಫೋಟೋಕ್ಕಲ್ಲ. ಬರಿಗೈಲೆ ನಿಂತಿ ಅಂದ್ರ ನಾಳೆ ಮಂದಿ ಬಾಯಿಗೆ ಬೀಳ್ತೀ."

ಮಾಲವ್ವ ಬಯಸಿದ್ದು ಹೆಚ್ಚೇನಲ್ಲ. ಒಂದು ಫೋಟೋ, ಅದರಲ್ಲಿ ಕೈತುಂಬ ಬಳೆ. ನಿದ್ದೆಯಲ್ಲಿ ಈಗಲೂ ಗಂಡ ಇದ್ದಾಗಿನ ಹಸಿರು ಬಳೆಗಳು ಝಲ್ಲೆನ್ನುತ್ತಿದ್ದವು. ಎಚ್ಚರಾಗಿ ನೋಡಿದರೆ ಬೋಳು ಮುಂಗೈ. ಅದನ್ನು ಕಂಡರೆ ಅವಳಿಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಲಾರಿ ನಿಂತ ಹೊಲದಂಚಿನಲ್ಲಿ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಮಂಜಿನೊಳಗೆ ಹೆಗಲೆತ್ತರದ ಒಂದು ಕಲ್ಲುಕಂಬ. ಅದರ ಪಕ್ಕದಿಂದ ಹೊರಟ ಹೆಣ್ಣಿನ ಕೈಯೊಂದು ಅಂಗೈ ತೆರೆದು ಮೇಲೆದ್ದಿತ್ತು. ಮುಂಗೈ ತುಂಬ ಕಲ್ಲಿನ ಬಳೆ.

"ಇದು ಮಾಸ್ತಿಕಲ್ಲು ನೋಡ್ರಿ" ಎಂದು ಸೋಮಪ್ಪ ಶುರುಮಾಡಿದ. "ಈ ಯವ್ವನ ಗಂಡ ದನಾ ಬಿಡಿಸ್ಕೊಂಡು ಬರಾಕ ಹೋಗಿ ಕಳ್ಳರ ಕೈಯಾಗ ಸತ್ತ. ಈಕಿ ಬಳಿ ಒಡಿಸ್ಕೊಳ್ಳಲಿಲ್ಲ, ಕೊಂಡಕ್ಕ ಹಾರಿದಳು. ಅದಕ್ಕ ಕಲ್ಲಿನ್ಯಾಗ ಬಳಿ ಹಂಗ ಉಳದಾವ."

ಹೆಂಗಸರೆಲ್ಲ ಕೈಮುಗಿದರು. ಕೆಂಚವ್ವ ಸೆರಗಿನಿಂದ ಪಾಚಿ ಒರೆಸಿ, ಒಂದೊಂದು ಬಳೆಗೂ ಕುಂಕುಮ ಹಚ್ಚಿದಳು. ಸತ್ತಾಕಿಗೆ ಬಳಿ, ಬದುಕಿದಾಕಿಗೆ ಬರಿಗೈ, ಇದ್ಯಾವ ನ್ಯಾಯ ಎಂದು ದೂರ ನಿಂತ ಮಾಲವ್ವನಿಗೆ ಅನ್ನಿಸಿತು.

"ನೀನೂ ಒಂದೀಟು ನೋಡು ಬಾರವ್ವ, ನೋಡಾಕೇನು?" ಎಂದು ಸೋಮಪ್ಪ ಕ್ಯಾಮೆರಾದ ಕರಿಯ ಬಟ್ಟೆ ಎತ್ತಿದ. ಮಾಲವ್ವ ತಲೆ ಒಳಗಿಟ್ಟಳು. ಅಬ್ಬಾ, ಗಾಜಿನಲ್ಲಿ ಲೋಕವೇ ತಲೆಕೆಳಗು! ಮೇಲೆ ಹೊಲ, ಕೆಳಗೆ ಬೆಳ್ಳನೆಯ ಆಕಾಶ, ನಡುವೆ ಸದ್ದಿಲ್ಲದೆ ತೇಲುವ ಮಂಜು. ಅಷ್ಟರಲ್ಲಿ ಕಲ್ಲನ್ನು ಸುತ್ತುತ್ತಿದ್ದ ಅತ್ತೆಯ ಮುಖ ಕಂಬದ ಹಿಂದಿನಿಂದ ಕಾಣಿಸಿತು. ಒಂದು ಗಳಿಗೆ ಆ ಕಲ್ಲಿನ ಕೈ ಅತ್ತೆಯದೇ ಅನ್ನಿಸಿಬಿಟ್ಟಿತು. ಎಲ್ಲಿ ನಿಲ್ಲಬೇಕೆಂದು ಮಾಲವ್ವನಿಗೆ ಆಗಲೇ ತಿಳಿದುಹೋಯಿತು.

ಹೆಂಗಸರು ಕಲ್ಲಿನ ಮುಂದೆ ಆ ಕಡೆ ಈ ಕಡೆ ಸಾಲಾಗಿ ನಿಂತರು. "ಯಾರೂ ಅಲಗ್ಯಾಡಬ್ಯಾಡ್ರಿ, ಹಿಂದ ಮುಂದ ನೋಡಬ್ಯಾಡ್ರಿ!" ಎಂದು ಸೋಮಪ್ಪ ಕೂಗಿದ. ಮಾಲವ್ವ ಗಂಟು ಕೆಳಗಿಟ್ಟು, ಬರಿಗಾಲಲ್ಲಿ ಮಂಜಿನೊಳಗೆ ನಡೆದು ಕಂಬದ ಹಿಂದೆ ನಿಂತಳು. ಅಲುಗಾಡಬಾರದಲ್ಲ, ಯಾರೂ ತಿರುಗಿ ನೋಡಲಿಲ್ಲ. ಸೋಮಪ್ಪ ಮಾತ್ರ ಕಂಡ. ಕಂಡೂ ಕ್ಯಾಮೆರಾದ ಮುಚ್ಚಳ ತೆಗೆದು ಮತ್ತೆ ಹಾಕಿದ.

ಮರು ರವಿವಾರ ಸೋಮಪ್ಪ ಫೋಟೋ ಹಿಡಿದು ಚಾಳಿಗೆ ಬಂದ. ನೆರೆಮನೆಯ ಗುರುಸಿದ್ದವ್ವ ಎಲ್ಲರಿಗಿಂತ ಮೊದಲು ಕಸಿದುಕೊಂಡಳು.

"ಅಯ್ಯ ಶಿವನ! ಕೆಂಚವ್ವ, ನಿನ್ನ ಸೊಸಿ ಕೈತುಂಬ ಬಳಿ ತೊಟ್ಟು ನಿಂತಾಳಲ್ಲ! ಏನ್ ಕಾಲ ಬಂತವ್ವ!"

ಬಾಗಿಲ ಹಿಂದೆ ನಿಂತು ಮಾಲವ್ವ ಕೇಳಿಸಿಕೊಂಡಳು. ಅತ್ತೆ ಹರಿದು ಒಲೆಗೆ ಹಾಕಿದರೆ ಇದ್ದೊಂದು ಫೋಟೋನೂ ಹೋಯಿತು.

ಕೆಂಚವ್ವ ಫೋಟೋವನ್ನು ಬೆಳಕಿಗೆ ಹಿಡಿದಳು. ಒಂದೊಂದು ಬಳೆಗೂ ತಾನೇ ಕುಂಕುಮ ಹಚ್ಚಿದ ಕೈ, ಅದು ಯಾರದೆಂದು ಅವಳಿಗೆ ತಿಳಿಯದೆ ಇರುತ್ತದೆಯೇ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಆದರೆ ಅವಳ ಕಣ್ಣು ಕೈ ಬಿಟ್ಟು ಮುಖಕ್ಕೆ ಹೋಗಿತ್ತು. ಮಗನನ್ನು ಮಣ್ಣು ಮಾಡಿ ಬಂದ ಮೇಲೆ ಆ ಹುಡುಗಿ ನಕ್ಕದ್ದನ್ನು ಅವಳು ಕಂಡೇ ಇರಲಿಲ್ಲ. ಇಲ್ಲಿ ನಕ್ಕಿದ್ದಳು. ಕೆಂಚವ್ವ ಸೋಮಪ್ಪನ ಕಡೆ ತಿರುಗಿದಳು.

"ಸೋಮಪ್ಪ, ಖರೇ ಹೇಳು. ನಿನ್ನ ಡಬ್ಬಿ ಸುಳ್ಳು ಹೇಳತೈತೇನು?"

ಅಂಥ ಮಾತಿನ ಮಲ್ಲ ಅಂದು ತಡವರಿಸಿದ. "ಇಲ್ಲಬೇ ಯವ್ವಾ. ಎಂದೂ ಹೇಳಿಲ್ಲ."

"ಕೇಳಿದ್ಯಲ್ಲ ಗುರುಸಿದ್ದವ್ವ? ಹೋಗು, ಬಳಿಗಾರ ಮುದಕಪ್ಪನ್ನ ಕರ್ಕೊಂಡು ಬಾ."

ಮುದಕಪ್ಪ ಬಂದ. ಕೆಂಚವ್ವ ಸೊಸೆಯ ರಟ್ಟೆ ಹಿಡಿದು ತಂದು, ಚಾಳಿಗೆಲ್ಲ ಕಾಣುವಂತೆ ಹೊಸ್ತಿಲ ಮೇಲೆ ಕೂರಿಸಿದಳು. ಮಾಲವ್ವ ಕೈ ಚಾಚಿದಳು. ಕೆಂಚವ್ವ ಬಳೆಗಾರನ ಮುಖಕ್ಕೆ ಫೋಟೋ ಹಿಡಿದು ಹೇಳಿದಳು:

"ಇದರಾಗ ಎಷ್ಟದಾವ ಎಣಿಸ್ಕೋ. ಒಂದೂ ಕಡಿಮಿ ಆಗಬಾರದು."