ದೊಡ್ಡಿಯ ಕ್ಯಾಮೆರಾಕ್ಕೆ ನೆನಪು ಬಂದದ್ದು

ಹೊನವಾಡದ ಮಲಕವ್ವನ ಆಡಿನ ದೊಡ್ಡಿಗೆ ಕ್ಯಾಮೆರಾ ಬಂದಾಗ ಊರವರು ಅದನ್ನು ನೋಡಿಹೋಗಲು ಬಂದರು. ಕ್ಯಾಮೆರಾ ಅವರನ್ನು ನೋಡಿತು. ಎರಡೂ ಕಡೆ ಸಮಾಧಾನವಾಯಿತು. ಟಂಟಂ ಗಾಡಿ ತಂದು ಆಡು ಹೇರಿಕೊಂಡು ಹೋಗುವ ಕಳ್ಳರ ಸುದ್ದಿ ಸುತ್ತಲಿನ ಹಳ್ಳಿಗಳಲ್ಲಿ ಹಬ್ಬಿತ್ತು. ಅದಕ್ಕೇ ಆಕೆಯ ಗಂಡ ಅಮೋಘಿ ಬಬಲೇಶ್ವರದ ಕಡೆಯವನೊಬ್ಬನನ್ನು ಕರೆಸಿ ಅದನ್ನು ಹಾಕಿಸಿದ್ದ. ಹೊರಗೆ ಕಂಬದ ಮೇಲೆ ಕ್ಯಾಮೆರಾ, ಒಳಗೆ ತಗಡಿನ ಶೆಡ್ಡಿನಲ್ಲಿ ಒಂದು ಕರಿ ಡಬ್ಬಿ, ಡಬ್ಬಿಗೆ ಜೋಡಿಸಿದ ಹಳೆಯ ಟಿವಿ, ಕರೆಂಟು ಹೋದರೂ ನಡೆಯಲೆಂದು ಒಂದು ಬ್ಯಾಟರಿ. ಟಿವಿಯಲ್ಲಿ ಮುಂದೆ ದೊಡ್ಡಿ ಕಾಣುತ್ತಿತ್ತು, ಹಿಂದೆ ಬಂಡಿದಾರಿ, ಅದರಾಚೆ ಚಂದ್ರಕಾಂತನ ದ್ರಾಕ್ಷಿ ಪಡದ ಮೊದಲ ಸಾಲು.

ಚಂದ್ರಕಾಂತನಿಗೆ ಜಗತ್ತಿನಲ್ಲಿ ಎರಡು ವಸ್ತುಗಳ ಮೇಲೆ ಪ್ರೀತಿ. ಒಂದು ದ್ರಾಕ್ಷಿ, ಇನ್ನೊಂದು ಅವನ ಖಿಲಾರಿ ಹೋರಿ. ಹೋರಿಯ ಫೋಟೋ ದಿನಾ ಅವನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಬರುತ್ತಿತ್ತು. ಹೆಂಡತಿಯದು ಮದುವೆಯ ದಿನದ ನೆನಪಿಗೆ ವರ್ಷಕ್ಕೊಮ್ಮೆ. ದೀಪಾವಳಿ ಮುಗಿದು ಬಳ್ಳಿ ಚಿಗುರುವ ಹೊತ್ತಿನಲ್ಲಿ ಆ ಮೊದಲ ಸಾಲಿನ ಕುಡಿಗಳನ್ನು ಯಾರೋ ಮೇಯ್ದರು. ಆಡಲ್ಲದೆ ಇನ್ಯಾರು ಮೇಯುತ್ತಾರೆ ಎಂದು ಚಂದ್ರಕಾಂತ ಹಿರಿಯರನ್ನು ಕರೆಸಿದ. ಆಡುಗಳು ಅದೇ ಬಂಡಿದಾರಿಯಲ್ಲಿ ಹಳ್ಳಕ್ಕೆ ನೀರಿಗೂ ಬೀಳು ಹೊಲಕ್ಕೆ ಮೇವಿಗೂ ಹೋಗುತ್ತಿದ್ದವು.

ಮಲಕವ್ವ ತನ್ನ ಮಾತು ಬೇಡ, ಕ್ಯಾಮೆರಾ ಹೇಳಲಿ ಎಂದಳು. ಹಿರಿಯ ಶಾಂತಪ್ಪನನ್ನು ಮುಂದಿಟ್ಟುಕೊಂಡು ಎಲ್ಲರೂ ಶೆಡ್ಡಿಗೆ ನಡೆದರು. ಅಮೋಘಿ ಮೌಸ್ ಹಿಡಿದು ಅಲ್ಲಿ ಒತ್ತಿದ, ಇಲ್ಲಿ ಒತ್ತಿದ. ಟಿವಿ ಆ ಕ್ಷಣ ದೊಡ್ಡಿಯಲ್ಲಿದ್ದ ಆಡುಗಳನ್ನು ತೋರಿಸಿತು. ನಿನ್ನೆಯ ಆಡುಗಳನ್ನು ತೋರಿಸಲಿಲ್ಲ. ಬಬಲೇಶ್ವರದವನಿಗೆ ಫೋನು ಹೋಯಿತು. ಡಬ್ಬಿಯೊಳಗೆ ಹಾರ್ಡ್ ಡಿಸ್ಕ್ ಇಲ್ಲ, ನೀವು ಕೇಳಿದ್ದು ಕ್ಯಾಮೆರಾ, ಡಿಸ್ಕಿನ ಮಾತು ನೀವೂ ತೆಗೆಯಲಿಲ್ಲ ನಾನೂ ತೆಗೆಯಲಿಲ್ಲ ಎಂದು ಅವನು ಬಹಳ ಪ್ರಾಮಾಣಿಕವಾಗಿ ಹೇಳಿದ.

"ಕಣ್ಣ ಐತಿ, ನೆನಪಿಲ್ಲ," ಅಂದ ಚಂದ್ರಕಾಂತ. "ಮಲಕಕ್ಕನ ಕ್ಯಾಮೆರಾಕ್ಕ ವಯಸ್ಸಾಗೈತಿ."

ಶೆಡ್ಡು ನಕ್ಕಿತು. ನಗು ಮುಗಿದ ಮೇಲೆ ಶಾಂತಪ್ಪ ಗಂಟಲು ಸರಿಮಾಡಿಕೊಂಡು ತೀರ್ಪು ಹೇಳಿದ: ಈ ಸಲ ಬಿಟ್ಟಿದ್ದೇವೆ, ಇನ್ನೊಮ್ಮೆ ಬಳ್ಳಿ ಮೇಯ್ದರೆ ಬಂಡಿದಾರಿ ಆಡಿಗೆ ಬಂದ್. ಕೇಳಲು ಸಣ್ಣ ಮಾತು. ಆದರೆ ಆ ದಾರಿ ಬಿಟ್ಟರೆ ಆಡುಗಳಿಗೆ ಉಳಿಯುವುದು ಲಾರಿ ಓಡಾಡುವ ಡಾಂಬರು ರಸ್ತೆ. ಅಲ್ಲಿ ಆಡು ಹೊಡೆದುಕೊಂಡು ಹೋಗುವುದೂ ಒಂದೇ, ಮಾರಿಬಿಡುವುದೂ ಒಂದೇ. ಮಲಕವ್ವ ಅವ್ವನ ಮನೆಯಿಂದ ಎರಡು ಆಡು ಹೊಡೆದುಕೊಂಡು ಬಂದು ಈ ಹಿಂಡು ಕಟ್ಟಿದವಳು. ಆ ದಿನ ರೊಟ್ಟಿ ಬಡಿಯುವಾಗ ರೊಟ್ಟಿಗೆ ಬೀಳಬೇಕಾದ್ದಕ್ಕಿಂತ ಹೆಚ್ಚು ಪೆಟ್ಟು ಬಿದ್ದವು. ಕೊನೆಯ ರೊಟ್ಟಿ ಬುಟ್ಟಿಗೆ ಹಾಕಿ ಗಂಡನಿಗೆ ಹೇಳಿದಳು: "ನಾಳಿಗೆ ಬಿಜಾಪುರಕ್ಕ ಹೋಗೂಣ್ರಿ. ಅದಕ್ಕ ನೆನಪ ಕೊಡಸೂಣು."

ಕರಿ ಡಬ್ಬಿಯನ್ನು ಕೌದಿಯಲ್ಲಿ ಸುತ್ತಿಕೊಂಡು ಇಬ್ಬರೂ ಬಸ್ಸು ಹತ್ತಿದರು. ಅಳತೆ ಕೊಡದೆ ಕುಪ್ಪಸ ಹೊಲಿಸುವವಳಲ್ಲ ಮಲಕವ್ವ. ಡಬ್ಬಿಯೇ ಅಂಗಡಿಗೆ ಬರಲಿ ಎಂಬುದು ಅವಳ ವಿಚಾರ. ಬಸ್ಸು ತಿಕೋಟಾದಲ್ಲಿ ತುಂಬಿತು, ವಿಜಯಪುರದಲ್ಲಿ ಖಾಲಿಯಾಯಿತು. ಗಾಂಧಿ ಚೌಕದ ಹತ್ತಿರದ ಗಲ್ಲಿಯೊಂದರಲ್ಲಿ ಅಯೂಬನ ಕಂಪ್ಯೂಟರ್ ಅಂಗಡಿ. ಗಾಜಿನ ಕಪಾಟಿನಲ್ಲಿ ಡಿಸ್ಕುಗಳು ಪೆಟ್ಟಿಗೆಯೊಳಗಿನ ಪೇಢೆಗಳಂತೆ ಕೂತಿದ್ದವು.

ಅಮೋಘಿಗೆ ಮೊದಲು ಮನಸ್ಸು ಹೋದದ್ದು ತೆಳ್ಳಗೆ, ನೀಲಿಯಾಗಿ ಹೊಳೆಯುತ್ತಿದ್ದ ಒಂದರ ಮೇಲೆ. ಅದು ಹೊರಗಿನಿಂದ ಜೋಡಿಸುವುದು, ಕಿಸೆಯಲ್ಲಿ ಹಾಕಿಕೊಂಡು ಊರೂರು ತಿರುಗುವುದು ಎಂದು ಅಯೂಬ ತಿಳಿಸಿದ. ಇವರಿಗೆ ಬೇಕಾದದ್ದು ಡಬ್ಬಿಯ ಒಳಗೇ ಕೂತು, ಒಳಗೇ ಇದ್ದು, ಒಳಗೇ ದುಡಿಯುವುದು. ಅವನು ತೆಗೆದಿಟ್ಟದ್ದು ಇಟ್ಟಿಗೆಯ ಮರಿಯಂತೆ ಭಾರವಾಗಿ, ಬೂದು ಬಣ್ಣದಲ್ಲಿತ್ತು.

"ಹಂಗಾದ್ರ ಆ ನೀಲೀದು ಅಳಿಯಾ," ಅಂದಳು ಮಲಕವ್ವ. "ಇದು ಸೊಸಿ."

ಅಯೂಬ ನಕ್ಕು, ಇಷ್ಟು ವರ್ಷ ಇದನ್ನು ಗಿರಾಕಿಗಳಿಗೆ ತಿಳಿಸಿ ಹೇಳುವುದರಲ್ಲಿ ತನ್ನ ಅರ್ಧ ಆಯುಷ್ಯ ಹೋಗಿದೆ, ಇನ್ನು ಮೇಲೆ ಇದನ್ನೇ ಹೇಳುತ್ತೇನೆ ಅಂದ. ಸೊಸೆಯರಲ್ಲೂ ಎರಡು ತರ ಇದ್ದರು. ಕಂಪ್ಯೂಟರಿಗೆ ಹಾಕುವುದಕ್ಕೆ ನಡುನಡುವೆ ಬಿಡುವು ಉಂಟು. ಕ್ಯಾಮೆರಾಕ್ಕೆ ಹಾಕುವುದು ಹಗಲು ರಾತ್ರಿ ಬರೆಯುತ್ತಲೇ ಇರಬೇಕು, ಅದಕ್ಕಾಗಿಯೇ ಗಟ್ಟಿಯಾಗಿ ಮಾಡಿರುತ್ತಾರೆ. ಎರಡನೆಯದನ್ನೇ ಕೊಡು ಎಂದಳು ಮಲಕವ್ವ. ಬಿಡುವಿಲ್ಲದ ಸೊಸೆ ಆಕೆಗೆ ಹೊಸ ಸಂಗತಿಯೇನಲ್ಲ.

ಅಮೋಘಿ ಡಿಸ್ಕನ್ನು ಕೈಗೆತ್ತಿಕೊಂಡು, ತೆಂಗಿನಕಾಯಿ ನೋಡುವ ಹಾಗೆ ಕಿವಿಗೆ ಹಿಡಿದು ಅಲ್ಲಾಡಿಸಿದ. ಅಯೂಬ ಕುರ್ಚಿಯಿಂದ ಎದ್ದ ವೇಗಕ್ಕೆ ಕುರ್ಚಿ ಹಿಂದೆ ಬಿತ್ತು. ಒಳಗೆ ಕನ್ನಡಿಯಂಥ ತಟ್ಟೆ ತಿರುಗುತ್ತದೆ, ಅಲ್ಲಾಡಿಸಬಾರದು, ಬೀಳಿಸಬಾರದು ಎಂದು ಅವನು ಅದನ್ನು ಎರಡೂ ಕೈಯಿಂದ ಇಸಿದುಕೊಂಡ. ಇನ್ನು ಬೆಲೆ. ಅಮೋಘಿ ಹೆಗಲ ಮೇಲಿನ ಟವೆಲ್ಲು ತೆಗೆದು ಅಯೂಬನ ಕೈಮೇಲೆ ಹಾಸಿ, ಅದರ ಕೆಳಗೆ ತನ್ನ ಕೈ ತೂರಿಸಿದ. ದನದ ಪೇಟೆಯಲ್ಲಿ ವ್ಯಾಪಾರ ಕುದುರುವುದು ಹೀಗೆಯೇ, ಬಟ್ಟೆಯಡಿಯಲ್ಲಿ ಬೆರಳು ಹಿಡಿದು. ಕೇಳುವವರಿಗೆ ದರ ತಿಳಿಯುವುದಿಲ್ಲ, ನೋಡುವವರಿಗೂ ತಿಳಿಯುವುದಿಲ್ಲ. ಅಯೂಬನ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಪೊಲೀಸರಿಗೆ ಫೋನು ಮಾಡುತ್ತಿದ್ದರೇನೊ. ಆದರೆ ಅಯೂಬನ ಅಜ್ಜ ದನದ ದಲಾಲಿ ಮಾಡಿದವನು. ಟವೆಲ್ಲಿನ ಕೆಳಗೆ ಸ್ವಲ್ಪ ಹೊತ್ತು ಏನೇನೋ ಓಡಾಡಿತು. ಇಬ್ಬರೂ ಗೆದ್ದವರ ಮುಖ ಮಾಡಿಕೊಂಡು ಕೈ ತೆಗೆದರು.

ಅಯೂಬ ಡಬ್ಬಿಯ ಸ್ಕ್ರೂ ಬಿಚ್ಚಿ, ಡಿಸ್ಕನ್ನು ಒಳಗೆ ಕೂರಿಸಿ, ಕೇಬಲ್ಲು ಚುಚ್ಚಿ, ಟಿವಿಗೆ ಹಚ್ಚಿ ನೋಡಿದ. ಡಬ್ಬಿ ಮೊದಲ ಸಲ ಗುರ್ ಎಂದಿತು. ಎಷ್ಟು ದಿನದ್ದು ನೆನಪಿಡುತ್ತದೆ ಎಂದು ಮಲಕವ್ವ ಕೇಳಿದಳು.

"ಒಂದ ತಿಂಗಳ ಆಕ್ಕೈತ್ರಿ ಅಕ್ಕಾರ. ತುಂಬಿದ ಮ್ಯಾಲ ಹಳೇದನ್ನ ತಾನ ಅಳಸಿ ಹೊಸಾದ ಬರಕೋತ ಹೋಗತೈತಿ."

"ನಮ್ಮೂರ ಮಂದಿಗಿಂತ ಚಲೋ ಬಿಡಪಾ. ಅವರು ಅಜ್ಜನ ಕಾಲದ ಜಗಳಾನೂ ಅಳಸಂಗಿಲ್ಲ."

ಮರಳಿ ಬರುವಾಗ ಕಂಡಕ್ಟರ್ ಆಕೆಯ ಮಡಿಲಿನ ಕೌದಿ ಗಂಟು ನೋಡಿ ಕೋಳಿಯೇನು ಎಂದು ವಿಚಾರಿಸಿದ. ನೆನಪು ಎಂದಳು. ಅದಕ್ಕೆ ಟಿಕೆಟ್ಟು ಇರಲಿಲ್ಲ. ಮನೆಗೆ ಬಂದು, ಅಯೂಬ ಹೇಳಿಕೊಟ್ಟಂತೆ ಅಮೋಘಿ ಡಬ್ಬಿಗೆ ತಾರೀಕು, ವೇಳೆ ಎರಡನ್ನೂ ತುಂಬಿದ. ಅಳಿಯ–ಸೊಸೆಯ ಮಾತನ್ನು ಊರಿಗೆಲ್ಲ ಸಾರಿದವನೂ ಅವನೇ.

ಎಳ್ಳ ಅಮಾವಾಸ್ಯೆ ಬಂತು. ಅಮಾವಾಸ್ಯೆಗೊಮ್ಮೆ ಮನೆಯ ಯಂತ್ರಗಳಿಗೆಲ್ಲ ಪೂಜೆ ಮಾಡುವುದು ಅಮೋಘಿಯ ಪದ್ಧತಿ. ಪಂಪ್‌ಸೆಟ್ಟಿಗೆ, ಬೈಕಿಗೆ, ಹಿಟ್ಟಿನ ಗಿರಣಿಗೆ ಆಗುವ ಪೂಜೆ ಹೊಸ ಡಬ್ಬಿಗೆ ಆಗದೆ ಇರುವುದು ಹೇಗೆ? ಕರೆಂಟಿಗೂ ನೀರಿಗೂ ಆಗಿಬರುವುದಿಲ್ಲ ಎಂಬಷ್ಟು ವಿಜ್ಞಾನ ಅವನಿಗಿತ್ತು. ಆದ್ದರಿಂದ ವೈರು ಕಿತ್ತು, ಒದ್ದೆ ಅರಿವೆಯಿಂದ ಒರೆಸಿ, ವಿಭೂತಿಯ ಮೂರು ಗೆರೆ ಎಳೆದು, ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು ಮತ್ತೆ ವೈರು ಚುಚ್ಚಿದ. ಡಬ್ಬಿ ಒಮ್ಮೆ ಕೀಂ ಎಂದಿತು. ಅದನ್ನು ಅವನು ಆಶೀರ್ವಾದ ಎಂದು ತಿಳಿದ.

ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಮಲಕವ್ವ ಜಾಣತನದಿಂದ ಆಡುಗಳನ್ನು ದೊಡ್ಡಿಯಿಂದ ಬಿಡಲೇ ಇಲ್ಲ. ತೊಗರಿ ಹೊಟ್ಟು ಹಾಕಿ, ನೀರಿಟ್ಟು, ಅಗಳಿ ಜಡಿದು ತಮ್ಮ ಹೊಲಕ್ಕೆ ಹೋದಳು. ಮರುದಿನ ಬೆಳಗ್ಗೆ ಚಂದ್ರಕಾಂತನ ಕೂಗು ಕೇಳಿತು. ಮೊದಲ ಸಾಲಿನ ಬಳ್ಳಿ ಮತ್ತೆ ಬೋಳಾಗಿತ್ತು. ಅವನು ಯಾರನ್ನೂ ಕೇಳದೆ ಬಂಡಿದಾರಿಗೆ ಅಡ್ಡ ಜಾಲಿಮುಳ್ಳು ಎಳೆದ. ಆಡುಗಳು ಮುಳ್ಳಿನ ಮುಂದೆ ನಿಂತು ಮಲಕವ್ವನ ಮುಖ ನೋಡಿದವು. ಈ ಸಲ ಶಾಂತಪ್ಪನನ್ನು ಕರೆಸಿದವಳು ಅವಳೇ.

ಮತ್ತೆ ಅದೇ ಶೆಡ್ಡು, ಅದೇ ಮಂದಿ, ಇನ್ನಷ್ಟು ಮಂದಿ. ಅಮೋಘಿ ಅಮಾವಾಸ್ಯೆಯ ತಾರೀಕು ಹುಡುಕಿದ. ನಸುಕಿನ ತನಕ ದೊಡ್ಡಿ ಕಂಡಿತು, ಆಮೇಲೆ ಟಿವಿ ಖಾಲಿ. ಮರುದಿನದ್ದು ಹುಡುಕಿದ. ಖಾಲಿ. ಅವನ ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿಗೆ ಇಳಿಯಿತು.

"ಸೊಸಿ ತವರಮನಿಗೆ ಹೋಗ್ಯಾಳೇನ್ರಿ ಮಾವಾ?" ಎಂದು ಚಂದ್ರಕಾಂತ ಮೆತ್ತಗೆ ಕೇಳಿದ. ನಗು ಹೋದ ಸಲಕ್ಕಿಂತ ಜೋರಾಗಿತ್ತು.

ಮಲಕವ್ವ ಆ ನಗುವಿನ ನಡುವೆಯೇ ಅಯೂಬನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟಳು. ಡಬ್ಬಿ ಗುರ್ ಅನ್ನುತ್ತದೆಯೇ ಎಂದು ಅವನು ಕೇಳಿದ, ಅನ್ನುತ್ತದೆ. ವೈರು ಏನಾದರೂ ಕಿತ್ತಿದ್ದಿರಾ ಎಂದು ಕೇಳಿದ. ಅಮೋಘಿ ಪೂಜೆಯ ವಿಷಯವನ್ನು ನಿಂಬೆಹಣ್ಣಿನ ಸಮೇತ ವಿವರಿಸಿದ.

"ಡಬ್ಬ್ಯಾಗಿನ ಗಡಿಯಾರದ ಸೆಲ್ ಸತ್ತೈತ್ರಿ," ಅಂದ ಅಯೂಬ. "ವೈರ್ ತಗದ ಕೂಡ್ಲೆ ತಾರೀಕ ಮರತೈತಿ. ಚಿತ್ರ ಎಲ್ಲಾ ಡಿಸ್ಕಿನ್ಯಾಗ ಅದಾವ. ಎರಡ ಸಾವಿರದ ಇಸ್ವಿ, ಜನವರಿ ಒಂದು ಹುಡುಕ್ರಿ. ಆ ಡಬ್ಬಿಗೆ ಜಗತ್ತ ಹುಟ್ಟಿದ್ದ ಅವತ್ತು."

ಅಮೋಘಿ ಹುಡುಕಿದ. ಟಿವಿ ತುಂಬ ಬಿಸಿಲು ಬಂತು. ಮುಂದೆ ದೊಡ್ಡಿ, ಅಗಳಿ ಜಡಿದಿದೆ, ಆಡುಗಳು ಹೊಟ್ಟು ಮೆಲ್ಲುತ್ತ ಕೂತಿವೆ. ಹಿಂದೆ, ಬಂಡಿದಾರಿಯಾಚೆ, ದ್ರಾಕ್ಷಿಯ ಮೊದಲ ಕಂಬಕ್ಕೆ ಒಂದು ಹೋರಿ ಕಟ್ಟಿದೆ. ಕೊಂಬಿಗೆ ಬಣ್ಣ, ಕೊರಳಿಗೆ ಚೆಂಡುಹೂವಿನ ಹಾರ, ಬೆನ್ನ ಮೇಲೆ ಬಣ್ಣದ ಬಟ್ಟೆಯ ಜೂಲು. ಅದು ಮದುವೆ ಮನೆಯ ಬೀಗರಂತೆ, ಯಾವ ಅವಸರವೂ ಇಲ್ಲದೆ, ಒಂದಾದ ಮೇಲೊಂದು ಬಳ್ಳಿಯನ್ನು ಜಗ್ಗಿ ತಿನ್ನುತ್ತಿದೆ.

ಮೊದಲು ಬಾಯಿ ತೆರೆದವನು ಚಂದ್ರಕಾಂತನೇ.

"ಮ್ಯಾಲ ತಾರೀಕ ಓದ್ರಿ ಶಾಂತಪ್ಪಕಾಕಾ. ಎರಡ ಸಾವಿರದ ಇಸ್ವಿ. ಇದು ಯಾವ ಕಾಲದ ಹೋರಿನೋ ಯಾರಿಗ್ಗೊತ್ತು."

ಬರೆದಿಟ್ಟ ತಾರೀಕಿಗೆ ನಮ್ಮಲ್ಲಿ ಒಂದು ತೂಕ ಇದೆ; ಕಣ್ಣಿಗೆ ಕಂಡದ್ದಕ್ಕಿಂತ ಒಂದು ಗುಂಜಿ ಹೆಚ್ಚೇ. ಶಾಂತಪ್ಪ ತಲೆಯಾಡಿಸಲು ಶುರುಮಾಡಿದ್ದ.

"ತುಸು ಹಿಂದಕ್ಕ ಒಯ್ರಿ," ಎಂದಳು ಮಲಕವ್ವ ಗಂಡನಿಗೆ.

ಹೋರಿ ತಿಂದ ಎಲೆಗಳನ್ನು ಒಂದೊಂದಾಗಿ ಬಳ್ಳಿಗೆ ಮರಳಿಸಿತು. ಹೂಹಾರದ ಹೋರಿಯನ್ನು ಕಂಬಕ್ಕೆ ಕಟ್ಟಿದ ಕೈ ಕಂಡಿತು. ಕೈಯ ಹಿಂದೆ ಅದರ ಒಡೆಯ ಕಂಡ. ಅದಕ್ಕೂ ಹಿಂದೆ ಅವನೇ, ಬುಟ್ಟಿ ಹೊತ್ತ ಹೆಂಡತಿಯ ಮುಂದೆ ಹೊಲದ ಅಂಚಿನಗುಂಟ ನಡೆಯುತ್ತ, ಬೊಗಸೆಯಿಂದ ಚರಗ ಚೆಲ್ಲುತ್ತಿದ್ದ. ಕಡಬು, ಸಜ್ಜಿರೊಟ್ಟಿ, ಪುಂಡಿಪಲ್ಯ ಎಲ್ಲ ಕಲಸಿದ ಆ ನೈವೇದ್ಯವನ್ನು ಭೂಮಿತಾಯಿಗೆ ಚೆಲ್ಲುವಾಗ ಕೂಗು ಹಾಕಬೇಕು. ಕ್ಯಾಮೆರಾಕ್ಕೆ ಕಿವಿ ಇರಲಿಲ್ಲ. ಚಂದ್ರಕಾಂತ ಸದ್ದಿಲ್ಲದೆ ಬಾಯಿ ತೆರೆಯುತ್ತ ಮುಚ್ಚುತ್ತ ಸಾಗಿದ, ಬಿಸಿಲಿಗೆ ಅವನ ತಲೆ ಹೊಳೆಯಿತು.

"ಎರಡ ಸಾವಿರದ ಇಸ್ವಿಯೊಳಗ ನೀ ಪಾಟಿಚೀಲಾ ಹೊತ್ತ ಸಾಲಿಗೆ ಹೋಗತಿದ್ದಿ ತಮ್ಮಾ," ಎಂದಳು ಮಲಕವ್ವ. "ಆವಾಗ ನಿನ್ನ ತಲಿಮ್ಯಾಲ ಕೂದಲ ಇದ್ದವು, ನಾ ಕಂಡೇನಿ. ಚರಗ ಚೆಲ್ಲೂದು ವರ್ಷಕ್ಕೊಮ್ಮೆ. ಡಬ್ಬಿ ತಾರೀಕ ಮರತೈತಿ, ನಾವು ಅಮಾಸಿ ಮರತಿಲ್ಲ."

ಅಮೋಘಿ ಚಿತ್ರವನ್ನು ಮತ್ತೆ ಹೋರಿಯ ತನಕ ಮುಂದಕ್ಕೆ ಒಯ್ದ. ಶಾಂತಪ್ಪ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದ. ಹೋರಿಯ ಆಚೆ, ಬೇವಿನ ಗಿಡದ ನೆರಳಿನಲ್ಲಿ, ಯಾರೋ ಒಬ್ಬರು ಉಂಡ ಭಾರಕ್ಕೆ ಅಂಗಾತ ಮಲಗಿದ್ದರು. ಎದೆಯ ಮೇಲೆ ಅರ್ಧ ತಿಂದ ಕಡಬು.

"ಅಂವ ನಾನ," ಅಂದ ಶಾಂತಪ್ಪ. ನ್ಯಾಯಕ್ಕೆ ಬೇಕಾದಷ್ಟೇ ಸೇರಿಸಿದ: "ಆ ಧೋತರ ಈ ದೀಪಾವಳಿಗೆ ತಗೊಂಡದ್ದು."

ತೀರ್ಪು ಹೇಳಬೇಕಾದವನೇ ಸಾಕ್ಷಿಯಾದ ಮೇಲೆ ವ್ಯಾಜ್ಯಕ್ಕೆ ಇನ್ನೇನು ಉಳಿಯಿತು? ಅಷ್ಟರಲ್ಲಿ ಮಂದಿ ತಮ್ಮ ತಮ್ಮ ಮೊಬೈಲು ತೆಗೆದಿದ್ದರು. ಅಮಾವಾಸ್ಯೆಯ ದಿನ ಚಂದ್ರಕಾಂತ ಹಾಕಿದ್ದ ಸ್ಟೇಟಸ್ಸನ್ನು ಯಾರೋ ಚಂದಕ್ಕೆಂದು ಉಳಿಸಿಕೊಂಡಿದ್ದರು: ಅದೇ ಹೋರಿ, ಅದೇ ಹಾರ, ಅದೇ ಕಂಬ, ಕೆಳಗೆ 'ನಮ್ಮ ರಾಜಾ' ಎಂಬ ಬರಹ. ರಾಜನ ಬಾಯಿಯಲ್ಲಿ ಒಂದು ದ್ರಾಕ್ಷಿ ಎಲೆ ಇತ್ತು. ಆ ದಿನ ಅದನ್ನು ನೂರಾರು ಮಂದಿ ನೋಡಿದ್ದರು, ಯಾರೂ ಕಂಡಿರಲಿಲ್ಲ. ಈಗ ನಕ್ಕ ನಗುವಿಗೆ ದೊಡ್ಡಿಯ ಆಡುಗಳೆಲ್ಲ ಎದ್ದು ನಿಂತವು.

ಮುಳ್ಳು ಎಳೆದವನೇ ಮುಳ್ಳು ತೆಗೆಯಬೇಕು, ದಾರಿ ಇನ್ನು ಮೇಲೆ ಯಾವ ಕಾಲಕ್ಕೂ ಬಂದ್ ಆಗಬಾರದು ಎಂದು ಶಾಂತಪ್ಪ ಹೇಳಿದ. ಚಂದ್ರಕಾಂತ ಮುಳ್ಳು ಸರಿಸಿದ. ಮಲಕವ್ವ ಆವತ್ತು ಹಿಂಡಿನ ಮುಂದಿನ ಹೋತಕ್ಕೆ, ಹಬ್ಬಕ್ಕೆಂದು ಎತ್ತಿಟ್ಟಿದ್ದ ಗಂಟೆ ಕಟ್ಟಿದಳು. ಮಧ್ಯಾಹ್ನದ ಬಿಸಿಲಿನಲ್ಲಿ, ಊರ ಮಂದಿಯ ನಡುವೆ, ಆಡುಗಳು ಬಂಡಿದಾರಿಯ ನಟ್ಟನಡುವೆ ನಡೆದವು. ಒಂದೂ ಬಳ್ಳಿಯ ಕಡೆ ತಿರುಗಿ ನೋಡಲಿಲ್ಲ. ಅಥವಾ ನೋಡಿದವೇನೊ, ಮಲಕವ್ವನ ಕೋಲಿಗೆ ಅದು ಗೊತ್ತು.

ನಾಲ್ಕು ದಿನದ ಮೇಲೆ ಚಂದ್ರಕಾಂತ ಒಬ್ಬನೇ ಬಂದ. ನೆಂಟರು ಬರುತ್ತಾರೆ, ಹೋಗುತ್ತಾರೆ, ಆ ಹೋರಿಯ ಚಿತ್ರ ಅಳಿಸಿಬಿಟ್ಟರೆ ಚೆನ್ನ ಎಂದು ನೆಲ ನೋಡುತ್ತ ಹೇಳಿದ. ಮಲಕವ್ವ ಅವನಿಗೆ ಚಹಾ ಕೊಟ್ಟಳು.

"ನಾ ಏನೂ ಅಳಸಂಗಿಲ್ಲಪಾ. ಡಿಸ್ಕ್ ತುಂಬಿದ ಮ್ಯಾಲ ತಾನ ಅಳಸತೈತಿ. ಅಲ್ಲೀತನಕಾ ಇರತೈತಿ."

"ಯಾವಾಗ ತುಂಬತೈತಿ ಅಕ್ಕಾ?"

"ದೊಡ್ಡದೈತಿ," ಎಂದಳು.

ಅಮೋಘಿ ಗಡಿಯಾರಕ್ಕೆ ಹೊಸ ಸೆಲ್ಲು ಹಾಕಿಸಿ ತಂದ. ಪೂಜೆ ಈಗಲೂ ನಡೆಯುತ್ತದೆ, ವೈರು ಕೀಳದೆ, ಒಣ ಅರಿವೆಯಲ್ಲಿ. ಡಿಸ್ಕು ಅಯೂಬ ಹೇಳಿದ್ದಂತೆಯೇ ತಿಂಗಳೊಪ್ಪತ್ತಿನಲ್ಲಿ ತುಂಬಿತು; ಹೋರಿಯನ್ನೂ ಹಾರವನ್ನೂ ಶಾಂತಪ್ಪನ ಕಡಬನ್ನೂ ಅಳಿಸಿ, ಅದರ ಮೇಲೆ ಆಡು ಬರುವುದು ಹೋಗುವುದನ್ನು ಬರೆದುಕೊಂಡಿತು. ಮಲಕವ್ವ ಅದನ್ನು ಯಾರಿಗೂ ಹೇಳಲಿಲ್ಲ.

ದ್ರಾಕ್ಷಿ ಕಟಾವು ಮುಗಿದು ಬಿಸಿಲು ಏರಿದೆ. ದಾರಿಯಲ್ಲಿ ಸಿಕ್ಕಾಗಲೆಲ್ಲ ಚಂದ್ರಕಾಂತ ಪಕ್ಕಕ್ಕೆ ಸರಿದು, ಆಡುಗಳನ್ನು ಮುಂದೆ ಬಿಟ್ಟು, ದನಿ ತಗ್ಗಿಸಿ ಕೇಳುತ್ತಾನೆ: "ತುಂಬಿತೇನ ಅಕ್ಕಾ?"

"ಇನ್ನೂ ಐತಿ ತಮ್ಮಾ," ಎನ್ನುತ್ತಾಳೆ ಮಲಕವ್ವ, ಹೋತದ ಗಂಟೆಯ ಹಿಂದೆ ನಡೆಯುತ್ತ. "ಇನ್ನೂ ಭಾಳ ಜಾಗಾ ಐತಿ."